ಶಾಲೆಯಲ್ಲಿ ಪೆಟ್ಟು ತಿಂದ ಮಗು ದೂರು ಹೇಳಿದಾಗ

ಅಧ್ಯಯನ ಭಾಗ: ಪ್ರೇಷಿತರ ಕಾರ್ಯಕಲಾಪಗಳು 23:12–35



ಜೂನ್ ತಿಂಗಳಲ್ಲಿ ಶಾಲೆಗಳು ತೆರೆದ ಮೇಲೆ ನಮ್ಮ ಅನ್ಬಿಯಂ ಕೂಟಗಳಲ್ಲಿ ಪ್ರಾರ್ಥನೆ ಮುಗಿದು ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಒಂದು ಮಾತು ಏಳುತ್ತದೆ. ಒಬ್ಬರ ಮಗನನ್ನು ಬಸ್ಸಿನಲ್ಲಿ ದೊಡ್ಡ ಹುಡುಗರು ಹೊಡೆದಿರುತ್ತಾರೆ. ಇನ್ನೊಬ್ಬರ ಮಗಳ ಕೈ ಮಿಸ್ ಕೊಟ್ಟ ಸ್ಕೇಲಿನ ಏಟಿಗೆ ಊದಿರುತ್ತದೆ. ಮತ್ತೊಬ್ಬರ ಮನೆಯ ಹುಡುಗ ಯಾಕೋ ಎರಡು ವಾರದಿಂದ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಿರುತ್ತಾನೆ. "ಏನು ಮಾಡೋದು?" ಎಂದು ಎಲ್ಲರೂ ಕೇಳುತ್ತಾರೆ. ಅದರ ಹಿಂದೆಯೇ, ದನಿ ತಗ್ಗಿಸಿ, ಇನ್ನೊಂದು ಪ್ರಶ್ನೆ ಬರುತ್ತದೆ: "ಹೋಗಿ ಹೇಳಿದರೆ ಮಗುವಿಗೆ ಇನ್ನೂ ಜಾಸ್ತಿ ತೊಂದರೆ ಆಗಲ್ವಾ?"

ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗದ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಮೊದಲನೆಯದು ಮಾತಿನಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಈ ತಿಂಗಳ ಅಧ್ಯಯನಕ್ಕೆ ನಾವು ಪ್ರೇಷಿತರ ಕಾರ್ಯಕಲಾಪಗಳ 23ನೇ ಅಧ್ಯಾಯದ ಕೊನೆಯ ಭಾಗವನ್ನು ಆರಿಸಿಕೊಂಡಿದ್ದೇವೆ. ಪೂಜೆಯಲ್ಲಿ ಈ ಭಾಗದ ಮೇಲೆ ಪ್ರಬೋಧನೆ ಕೇಳಿದ ನೆನಪು ನಮ್ಮಲ್ಲಿ ಹೆಚ್ಚಿನವರಿಗೆ ಇರಲಾರದು. ಆದರೆ ಒಬ್ಬ ಹುಡುಗ ಬಂದು ದೂರು ಹೇಳಿದಾಗ ದೊಡ್ಡವರು ಏನು ಮಾಡಬೇಕು ಎಂಬುದನ್ನು ಪವಿತ್ರ ಬೈಬಲ್ ಇಷ್ಟು ವಿವರವಾಗಿ ಬೇರೆಲ್ಲೂ ತೋರಿಸಿಲ್ಲ ಎಂದು ನಮಗೆ ಅನಿಸುತ್ತದೆ.

ಪೌಲರ ಸೋದರಳಿಯ

ಸಂತ ಪೌಲರು ಜೆರುಸಲೇಮಿನಲ್ಲಿ ರೋಮನ್ನರ ಕೋಟೆಯೊಳಗೆ ಬಂಧನದಲ್ಲಿದ್ದಾರೆ. ಅವರನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಎಂದು ನಲವತ್ತಕ್ಕಿಂತ ಹೆಚ್ಚು ಜನ ಶಪಥ ಮಾಡಿದ್ದಾರೆ. ಅವರ ಉಪಾಯ ಏನೆಂಬುದನ್ನು ಗಮನವಿಟ್ಟು ಓದಬೇಕು. ಇನ್ನೂ ಸರಿಯಾಗಿ ವಿಚಾರಣೆ ಮಾಡಬೇಕಾಗಿದೆ ಎಂಬ ನೆಪ ಹೇಳಿ ಪೌಲರನ್ನು ಸಭೆಯ ಮುಂದೆ ಕರೆಸುವುದು, ದಾರಿಯಲ್ಲೇ ಮುಗಿಸಿಬಿಡುವುದು. ವಿಚಾರಣೆ ಎಂಬ ಹೆಸರೇ ಇಲ್ಲಿ ಬಲೆ.

ಈ ಸಂಚು ಪೌಲರ ಸಹೋದರಿಯ ಮಗನ ಕಿವಿಗೆ ಬೀಳುತ್ತದೆ. ಅವನು ಕೋಟೆಗೆ ಹೋಗಿ ಸೋದರಮಾವನಿಗೆ ತಿಳಿಸುತ್ತಾನೆ. ಪೌಲರು "ನಿನಗ್ಯಾಕೆ ದೊಡ್ಡವರ ವಿಷಯ" ಎನ್ನುವುದಿಲ್ಲ. ಕಾವಲಿನವರ ಮುಂದೆ ಕೂಗಾಡುವುದೂ ಇಲ್ಲ. ಒಬ್ಬ ಶತಾಧಿಪತಿಯನ್ನು ಕರೆದು, ಈ ಹುಡುಗನಿಗೆ ಸಹಸ್ರಾಧಿಪತಿಯ ಬಳಿ ಹೇಳುವ ಮಾತೊಂದಿದೆ, ಕರೆದುಕೊಂಡು ಹೋಗಿ ಎಂದಷ್ಟೇ ಹೇಳುತ್ತಾರೆ. ಮಾತು ಏನು ಎಂಬುದನ್ನು ಶತಾಧಿಪತಿಗೆ ಹೇಳುವುದಿಲ್ಲ. ಆ ಶತಾಧಿಪತಿಯೂ ಕೇಳದೆ ಕರೆದೊಯ್ಯುತ್ತಾನೆ.

ಕ್ಲೌದಿಯ ಲೂಸಿಯ ಎಂಬ ಆ ಸಹಸ್ರಾಧಿಪತಿ ಮಾಡಿದ್ದು ಇಷ್ಟು. ಹುಡುಗನ ಕೈ ಹಿಡಿದುಕೊಂಡ. ಎಲ್ಲರಿಂದ ದೂರ ಒಂದು ಕಡೆಗೆ ಕರೆದುಕೊಂಡು ಹೋದ. ನನಗೆ ಹೇಳಬೇಕಾದದ್ದು ಏನು ಎಂದು ಒಂದೇ ಒಂದು ಪ್ರಶ್ನೆ ಕೇಳಿದ. ಹುಡುಗ ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಿದ್ದು ಕಾಣುವುದಿಲ್ಲ. ಇದನ್ನು ನನಗೆ ತಿಳಿಸಿದೆ ಎಂದು ಯಾರಿಗೂ ಹೇಳಬೇಡ ಎಂದು ಎಚ್ಚರಿಕೆ ಕೊಟ್ಟು ಕಳುಹಿಸಿದ. ಆಮೇಲೆ ಬೆಳಗಾಗಲಿ ನೋಡೋಣ ಎನ್ನಲಿಲ್ಲ. ಅಂದೇ ರಾತ್ರಿ ಒಂಬತ್ತರ ಹೊತ್ತಿಗೆ 200 ಕಾಲಾಳು, 70 ಕುದುರೆ ಸವಾರರು, 200 ಭರ್ಜಿಗಾರರನ್ನು ಜೊತೆಗೆ ಕೊಟ್ಟು ಪೌಲರನ್ನು ಊರಿನಿಂದಲೇ ಸಾಗಿಸಿಬಿಟ್ಟ. ಒಬ್ಬ ಕೈದಿಯ ರಕ್ಷಣೆಗೆ 470 ಜನ, ಅದೂ ಒಬ್ಬ ಹುಡುಗನ ಮಾತಿನ ಮೇಲೆ!

ಈ ಲೂಸಿಯ ಸಂತನೇನೂ ಅಲ್ಲ. ಹಿಂದಿನ ಅಧ್ಯಾಯದಲ್ಲಿ ಪೌಲರನ್ನು ಚಾವಟಿಯಿಂದ ಹೊಡೆಸಿ ಬಾಯಿ ಬಿಡಿಸಲು ಅಪ್ಪಣೆ ಕೊಟ್ಟವನು ಇವನೇ. ಮುಂದೆ ರಾಜ್ಯಪಾಲ ಫೆಲಿಕ್ಸನಿಗೆ ಬರೆದ ಪತ್ರದಲ್ಲಿ ಆ ಸಂಗತಿಯನ್ನು ಮುಚ್ಚಿಟ್ಟು, ರೋಮನ್ ಪ್ರಜೆ ಎಂದು ತಿಳಿದು ತಾನೇ ಹೋಗಿ ಬಿಡಿಸಿಕೊಂಡು ಬಂದೆ ಎಂಬಂತೆ ಬರೆದುಕೊಂಡಿದ್ದಾನೆ. ಮೇಲಧಿಕಾರಿಗೆ ವರದಿ ಬರೆಯುವಾಗ ತಮ್ಮ ತಪ್ಪಿನ ಸಾಲು ಬಿಟ್ಟು ಬರೆಯುವ ಪದ್ಧತಿ ಅಷ್ಟು ಹಳೆಯದು! ಆದರೂ ಹುಡುಗ ಬಂದು ನಿಂತ ಹೊತ್ತಿನಲ್ಲಿ ಅವನು ಮಾಡಬೇಕಾದದ್ದನ್ನು ಮಾಡಿದ. ಎಚ್.ಎಂ. ಒಳ್ಳೆಯವರೋ ಕೆಟ್ಟವರೋ ಎಂದು ತೂಗುತ್ತಾ ಕೂರುವ ನಮಗೆ ಇದು ಒಂದು ಸಮಾಧಾನ.

ದೂರಿನ ನಂತರದ ರಾತ್ರಿ

ಲೂಸಿಯನಿಗೆ ಗೊತ್ತಿದ್ದ ಒಂದು ವಿಷಯ ನಮ್ಮ ಶಾಲೆಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದೂರು ಹೇಳಿದ ಮೇಲೆ ಅಪಾಯ ಕಡಿಮೆಯಾಗುವುದಿಲ್ಲ, ಆ ಕ್ಷಣದಿಂದ ಹೆಚ್ಚುತ್ತದೆ.

ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ 2023ರ ಆಗಸ್ಟ್‌ನಲ್ಲಿ ನಡೆದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಹನ್ನೆರಡನೇ ತರಗತಿಯ ದಲಿತ ಹುಡುಗ. ಚೆನ್ನಾಗಿ ಓದುವವನು. ಅದೇ ಶಾಲೆಯ ಬೇರೆ ಜಾತಿಯ ಹುಡುಗರ ಕಾಟ ತಾಳಲಾರದೆ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ್ದ. ಯಾಕೆ ಬರುತ್ತಿಲ್ಲ ಎಂದು ಶಾಲೆಯವರು ವಿಚಾರಿಸಿದಾಗ ನಡೆದದ್ದನ್ನು ಹೇಳಿದ, ಬರೆದೂ ಕೊಟ್ಟ. ಆಗಸ್ಟ್ 9ರ ರಾತ್ರಿ ಮನೆಗೆ ನುಗ್ಗಿ ಅವನನ್ನು ಮಚ್ಚಿನಿಂದ ಕಡಿದರು. ಅಡ್ಡ ಬಂದ ತಂಗಿಗೂ ಏಟು ಬಿತ್ತು. ಕಡಿದವರು ಶಾಲೆಯ ಹುಡುಗರೇ. ದೇವರ ದಯೆಯಿಂದ ಅಣ್ಣ ತಂಗಿ ಇಬ್ಬರೂ ಬದುಕಿದರು. ಹುಡುಗ ಮುಂದೆ ಪರೀಕ್ಷೆ ಬರೆದು ಪಾಸಾದ.

ಆ ಶಾಲೆ ಮಗುವಿನ ಮಾತನ್ನು ಕೇಳಲಿಲ್ಲ ಎನ್ನುವಂತಿಲ್ಲ. ಕೇಳಿದರು, ಬರೆಸಿಕೊಂಡರು. ಆದರೆ ಬರೆದುಕೊಟ್ಟ ಮಗು ಆ ರಾತ್ರಿ ಎಲ್ಲಿ ಮಲಗುತ್ತದೆ, ಹೊಡೆದವರಿಗೆ ಸುದ್ದಿ ಮುಟ್ಟಿದರೆ ಏನಾಗುತ್ತದೆ ಎಂದು ಯೋಚಿಸಿ ಕಾವಲು ನಿಲ್ಲಿಸಿದವರು ಯಾರೂ ಇರಲಿಲ್ಲ. ಪೌಲರ ಸೋದರಳಿಯನಿಗೂ ನಾಂಗುನೇರಿಯ ಹುಡುಗನಿಗೂ ಇರುವ ವ್ಯತ್ಯಾಸ ಇದೇ ಎಂದು ನಾವು ತಿಳಿಯುತ್ತೇವೆ. ಆ ಘಟನೆಯ ನಂತರ ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು. 2024ರ ಜೂನ್‌ನಲ್ಲಿ ಅವರು ಕೊಟ್ಟ ವರದಿಯಲ್ಲಿ ಜಾತಿ ಗುರುತಿಸುವ ಬಣ್ಣದ ಕೈದಾರಗಳನ್ನು ಶಾಲೆಯಲ್ಲಿ ನಿಷೇಧಿಸಬೇಕು, ಮಕ್ಕಳ ದೂರು ಕೇಳುವುದಕ್ಕೆಂದೇ ಶಾಲಾ ಕಲ್ಯಾಣ ಅಧಿಕಾರಿಗಳು ಬೇಕು ಎಂಬ ಸಲಹೆಗಳಿವೆ. ಕೈದಾರದ ವಿಷಯ ದಕ್ಷಿಣ ಜಿಲ್ಲೆಗಳದ್ದು, ಹೊಸೂರು ಕಡೆಗೆ ಸಂಬಂಧವಿಲ್ಲ ಎನ್ನುವವರು ತಮ್ಮ ಮಕ್ಕಳ ಮಣಿಕಟ್ಟನ್ನು ಒಮ್ಮೆ ನೋಡಿಕೊಳ್ಳಿ. ಕ್ರೈಸ್ತರ ಮನೆಗಳೂ ಇದಕ್ಕೆ ಹೊರತಲ್ಲ.

ಹಾಗಾದರೆ ಮನೆಯಲ್ಲಿ ಮೊದಲು ಕೇಳಿಸಿಕೊಳ್ಳುವ ತಂದೆತಾಯಿ, ಅಜ್ಜಿ, ಚಿಕ್ಕಮ್ಮ ಏನು ಮಾಡಬೇಕು? ಪೌಲರಂತೆ ಮಾಡಬೇಕು. ಮಾತನ್ನು ಯಾರು ಏನಾದರೂ ಮಾಡಬಲ್ಲರೋ ಅವರಿಗೆ ಮುಟ್ಟಿಸಬೇಕು, ನಡುವಿನವರಿಗೆ ಹಂಚಬಾರದು. ವ್ಯಾನ್ ಡ್ರೈವರ್‌ಗೆ, ಬೀದಿಯವರಿಗೆ, ತರಗತಿಯ ತಾಯಂದಿರ ವಾಟ್ಸಾಪ್ ಗುಂಪಿಗೆ ಮಗುವಿನ ಹೆಸರು, ಊದಿದ ಕೈಯ ಫೋಟೊ ಹೋದರೆ ಸಂಜೆಯೊಳಗೆ ಹೊಡೆದವನ ಮನೆಗೂ ಹೋಗಿರುತ್ತದೆ. ಫೋಟೊ ತೆಗೆಯಿರಿ, ದಿನಾಂಕ ಗೊತ್ತಾಗುವಂತೆ ಇಟ್ಟುಕೊಳ್ಳಿ, ಕಳುಹಿಸಬೇಡಿ. ಆ ಹುಡುಗನ ಹೆಸರನ್ನು ಸಂತ ಲೂಕರು ಕೂಡ ಬರೆದಿಲ್ಲ ಎಂಬುದನ್ನು ಗಮನಿಸಿ.

ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಅಂದೇ ಒಂದು ಹಾಳೆಯಲ್ಲಿ ಬರೆದಿಡಿ. ನಾವು ತಿದ್ದಿ ಚೆನ್ನಾಗಿ ಮಾಡಿದಷ್ಟೂ ಅದು ಮಗುವಿನ ಮಾತಾಗಿ ಉಳಿಯುವುದಿಲ್ಲ. "ಅವನೇ ಹೊಡೆದದ್ದು ತಾನೇ?" ಎಂದು ಕೇಳಿದರೆ ಮಗು ಹೂಂ ಎನ್ನುತ್ತದೆ. "ಏನಾಯಿತು?" ಎಂದು ಕೇಳಿ ಸುಮ್ಮನಿರುವುದು ಕಷ್ಟ. ಆದರೆ ಲೂಸಿಯ ಕೇಳಿದ್ದು ಅದೊಂದನ್ನೇ.

ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಗೇ ಕರೆದೊಯ್ಯಿರಿ. ಮೆಟ್ಟಿಲಿಂದ ಬಿದ್ದ ಎಂದು ಹೇಳಬೇಡಿ, ಹೊಡೆದದ್ದು ಎಂದೇ ಹೇಳಿ. ಅಲ್ಲಿ ಅಪಘಾತ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ, ಠಾಣೆಗೂ ತಿಳಿಸುತ್ತಾರೆ. ಎ.ಆರ್. ಕಾಪಿ ಎಂದು ಎಲ್ಲರೂ ಕರೆಯುವ ಆ ಕಾಗದ ಮುಂದೆ ಬೇಕಾಗುತ್ತದೆ. ಮನೆಯಲ್ಲಿ ಅರಿಸಿನ ಹಚ್ಚಿ ನಾಲ್ಕು ದಿನ ಕಾದು ಹೋದರೆ ಊತವೂ ಇರುವುದಿಲ್ಲ, ಕಾಗದವೂ ಇರುವುದಿಲ್ಲ.

ಮರುದಿನ ಶಾಲೆಗೆ ಹೋಗುವಾಗ ಹತ್ತು ಜನ ನೆಂಟರನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಬೇಡಿ. ಹೊಡೆದ ಹುಡುಗನನ್ನು ಗೇಟಿನ ಬಳಿ ಹಿಡಿದು ನಾಲ್ಕು ಬಾರಿಸಿದರೆ ಆಮೇಲೆ ಠಾಣೆಯಲ್ಲಿ ಕೂರುವವರು ನೀವೇ. ತಂದೆ ತಾಯಿ, ಬೇಕಾದರೆ ಅನ್ಬಿಯಂ ಪ್ರತಿನಿಧಿ ಒಬ್ಬರು, ಅಷ್ಟು ಸಾಕು. ದೂರು ಬರಹದಲ್ಲಿರಲಿ, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಎಚ್.ಎಂ. ಹತ್ತಿರ ಮೂರು ಸಲ ಹೇಳಿದ್ದೆ ಎಂಬುದು ಹೇಳಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಮುಖ್ಯವಾಗಿ, ದೂರು ಕೊಟ್ಟು ಹೊರಬರುವ ಮೊದಲು ಒಂದು ಪ್ರಶ್ನೆ ಕೇಳಿ: "ಇವತ್ತು ಸಂಜೆ ನನ್ನ ಮಗು ಮನೆಗೆ ಹೇಗೆ ಬರುತ್ತದೆ? ನಾಳೆ ಎಲ್ಲಿ ಕೂರುತ್ತದೆ?" ಬಸ್ಸಿನ ಸೀಟು, ಊಟದ ಹೊತ್ತು, ಶೌಚಾಲಯದ ದಾರಿ, ಪಿ.ಟಿ. ಪೀರಿಯಡ್ ಇವೆಲ್ಲ ಸಣ್ಣ ವಿಷಯಗಳಲ್ಲ. ಪೆಟ್ಟು ಬೀಳುವುದು ಇಂತಹ ಜಾಗಗಳಲ್ಲೇ.

ಶಾಲೆಯವರು ಹೊಡೆದ ಮಗುವನ್ನೂ ಪೆಟ್ಟು ತಿಂದ ಮಗುವನ್ನೂ ಒಟ್ಟಿಗೆ ನಿಲ್ಲಿಸಿ, ಇಬ್ಬರೂ ಕೈ ಕುಲುಕಿ ಎನ್ನುವುದು ಎಲ್ಲ ಕಡೆಯ ರೂಢಿ. ನಮಗೆ ಅದು ಸರಿ ಕಾಣುವುದಿಲ್ಲ. ಹೆದರಿದ ಮಗು ಎದುರಿಗೆ ಬಾಯಿ ಬಿಡುವುದಿಲ್ಲ. ಬಿಡದಿದ್ದಾಗ, "ನೋಡಿ, ಏನೂ ಆಗಿಲ್ಲ" ಎಂದು ಮುಗಿಯುತ್ತದೆ. ನಮ್ಮ ಬೈಬಲಿನಲ್ಲಿರುವ ದಾನಿಯೇಲನ ಗ್ರಂಥದ 13ನೇ ಅಧ್ಯಾಯ, ಸುಸನ್ನಳ ಪ್ರಸಂಗ, ನೆನಪಿದೆಯಲ್ಲ? ಬಾಲಕನಾದ ದಾನಿಯೇಲ ಆ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಎಂಬ ಒಂದೇ ಪ್ರಶ್ನೆ ಕೇಳಿದ. ಸುಳ್ಳು ಅಲ್ಲೇ ಒಡೆಯಿತು. ದೂರು ಸುಳ್ಳಾಗಿದ್ದರೂ ಅದು ಗೊತ್ತಾಗುವುದು ಹೀಗೆ ಬೇರೆ ಬೇರೆಯಾಗಿ ಕೇಳಿದಾಗಲೇ. ಮೇಷ್ಟ್ರ ಮೇಲೆ ಹೊರಿಸಿದ ಸುಳ್ಳಿನಿಂದ ಅವರನ್ನು ಕಾಪಾಡುವುದೂ ಇದೇ ವಿಧಾನ.

ಕಾನೂನು ಮತ್ತು ಭಾಷೆ

ಮೇಷ್ಟ್ರು ಹೊಡೆದರೆ ತಪ್ಪೇನು ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಜ್ಞಾನೋಕ್ತಿಯ ಬೆತ್ತದ ಮಾತನ್ನು ತಕ್ಷಣ ಎತ್ತುತ್ತಾರೆ. ಸಂತ ಜಾನ್ ಬೋಸ್ಕೊ 1877ರಲ್ಲಿ ತಮ್ಮ ಶಾಲೆಗಳಿಗಾಗಿ ಬರೆದ ಸಣ್ಣ ಪ್ರಬಂಧವನ್ನು ಅವರಿಗೆ ತೋರಿಸಬೇಕು. ಯಾವ ರೀತಿಯಲ್ಲೂ ಹೊಡೆಯಕೂಡದು, ನೋವಾಗುವಂತೆ ಮಂಡಿಯೂರಿಸಕೂಡದು, ಕಿವಿ ಹಿಂಡಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದಕ್ಕೆ ಅವರು ಕೊಡುವ ಮೊದಲ ಕಾರಣ ದೈವಶಾಸ್ತ್ರದ್ದಲ್ಲ. ದೇಶದ ಕಾನೂನು ಅದನ್ನು ನಿಷೇಧಿಸಿದೆ ಎಂಬುದೇ ಮೊದಲ ಕಾರಣ. ಅದು ಮಕ್ಕಳನ್ನು ಕೆರಳಿಸುತ್ತದೆ, ಹೊಡೆದವರನ್ನೇ ಕೀಳಾಗಿಸುತ್ತದೆ ಎಂಬುದು ಆಮೇಲೆ.

ನಮ್ಮ ದೇಶದ ಕಾನೂನು ಹೀಗಿದೆ. ತಮಿಳುನಾಡು ತನ್ನ ಶಿಕ್ಷಣ ನಿಯಮಾವಳಿಯ 51ನೇ ನಿಯಮವನ್ನು 2003ರಲ್ಲೇ ತಿದ್ದಿ ಮಕ್ಕಳಿಗೆ ದೈಹಿಕ, ಮಾನಸಿಕ ನೋವು ಕೊಡುವುದನ್ನು ತಡೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ದೇಶಕ್ಕೆಲ್ಲ ಹೇಳಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟದ್ದು ನಿಜ. ಆ ತೀರ್ಪು ನಮ್ಮ ಸಂಸ್ಥೆಗಳ ಆಡಳಿತದ ಹಕ್ಕನ್ನು ಕಾಪಾಡಲು ಬಂದದ್ದು. ಅದನ್ನು ಬೆತ್ತಕ್ಕೆ ಹಿಡಿಕೆ ಮಾಡಿಕೊಳ್ಳುವವರು ನಮ್ಮಲ್ಲಿ ಯಾರಾದರೂ ಇದ್ದರೆ ಅವರು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಓದಲಿ. ಮಗುವಿನ ಹೊಣೆ ಹೊತ್ತವರು ಅದಕ್ಕೆ ಹೊಡೆದು ಅನಗತ್ಯ ನೋವು ಕೊಟ್ಟರೆ ಮೂರು ವರ್ಷದವರೆಗೆ ಶಿಕ್ಷೆ, ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯ ನೌಕರನಾದರೆ ಐದು ವರ್ಷದವರೆಗೆ. ಆ ಸೆಕ್ಷನ್ನಿನಲ್ಲಿ ಅಲ್ಪಸಂಖ್ಯಾತ ಎಂಬ ವಿನಾಯಿತಿ ಇಲ್ಲ.

ಪೆಟ್ಟಿನ ಜೊತೆ ಕೆಟ್ಟ ಸ್ಪರ್ಶ, ಕೆಟ್ಟ ಮಾತು ಸೇರಿದ್ದರೆ ವಿಷಯ ಪೋಕ್ಸೊ ಕಾಯ್ದೆಗೆ ಹೋಗುತ್ತದೆ. ಅಲ್ಲಿ ಸುಮ್ಮನಿರುವುದೇ ಅಪರಾಧ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆ. 2024ರ ಆಗಸ್ಟ್‌ನಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಒಂದು ಖಾಸಗಿ ಶಾಲೆಯಲ್ಲಿ ನಕಲಿ ಎನ್.ಸಿ.ಸಿ. ಶಿಬಿರ ನಡೆದು ಬಾಲಕಿಯ ಮೇಲೆ ದೌರ್ಜನ್ಯವಾದಾಗ, ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪದ ಮೇಲೆ ಪ್ರಿನ್ಸಿಪಾಲರೂ ಬಂಧನಕ್ಕೆ ಒಳಗಾದರು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಹೇಳಿಕೆ ತೆಗೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳಬಾರದು.

ಇನ್ನು ನಮ್ಮದೇ ಆದ ಕಷ್ಟಕ್ಕೆ ಬರೋಣ. ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆಯ ನಮ್ಮ ಮನೆಗಳಲ್ಲಿ ಮಗು ನಡೆದದ್ದನ್ನು ಅಳುತ್ತಾ ಹೇಳುವುದು ಕನ್ನಡದಲ್ಲಿ. ಶಾಲೆಯಲ್ಲಿ ಕೇಳುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಓದಿದ ಮಕ್ಕಳಿಗೆ ತಮಿಳು ಓದಲು ಬರೆಯಲು ಬರುತ್ತದೆ, ತಾಯಿತಂದೆಗೆ ಮಾತಾಡಲು ಮಾತ್ರ ಬರುತ್ತದೆ. ಹೀಗಾಗಿ ತಾಯಿಯ ದೂರನ್ನು ಪೆಟ್ಟು ತಿಂದ ಮಗನೇ ತಮಿಳಿನಲ್ಲಿ ಬರೆದುಕೊಡುವ ಪರಿಸ್ಥಿತಿ. ನಾಚಿಕೆಯ ಸಂಗತಿಗಳನ್ನು ಮಗು ಅದರಲ್ಲಿ ಬಿಟ್ಟುಬಿಡುತ್ತದೆ. "ಸರಿಯಾಗಿ ಹೇಳಕ್ಕೆ ಬರಲ್ಲ, ಸುಳ್ಳು ಹೇಳ್ತಿದ್ದಾನೆ" ಎಂಬ ಮಾತು ಆ ಮೇಲೆ ಬರುತ್ತದೆ. ಪರಭಾಷೆಯಲ್ಲಿ ತಡವರಿಸುವುದನ್ನು ಸುಳ್ಳು ಎಂದು ತಿಳಿಯುವುದು ಬಹಳ ಸುಲಭ.

ಸಂವಿಧಾನದ 350ನೇ ವಿಧಿ ನಮ್ಮಂತಹವರಿಗಾಗಿಯೇ ಇದೆ. ತನಗಾದ ಅನ್ಯಾಯದ ಪರಿಹಾರಕ್ಕಾಗಿ ಯಾವ ಅಧಿಕಾರಿಗಾದರೂ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅಂದರೆ ಇಲ್ಲಿ ಎಲ್ಲರ ಬಾಯಲ್ಲೂ 'ಮನು' ಎಂದಿರುವ ಅರ್ಜಿಯನ್ನು ನೀವು ಕನ್ನಡದಲ್ಲಿ ಕೊಟ್ಟರೆ ಬೇಡ ಎನ್ನುವಂತಿಲ್ಲ. ಹಕ್ಕು ಇದೆ ಎಂದು ಬರೀ ಕನ್ನಡದ್ದನ್ನೇ ಕೊಟ್ಟರೆ ಅದು ಓದುವವರಿಲ್ಲದೆ ಮೇಜಿನ ಮೇಲೆ ಕೂರುತ್ತದೆ, ಅದೂ ನಿಜ. ನಮ್ಮ ಸಲಹೆ ಇದು: ಮೂಲ ದೂರು ಕನ್ನಡದಲ್ಲಿ, ಮಗುವಿನ ಮಾತಿನಲ್ಲಿ ಇರಲಿ. ನಂಬಿಕೆಯ ದೊಡ್ಡವರೊಬ್ಬರಿಂದ ತಮಿಳಿಗೆ ಬರೆಸಿ ಎರಡನ್ನೂ ಒಟ್ಟಿಗೆ ಲಗತ್ತಿಸಿ. ತಮಿಳಿನಲ್ಲಿ ಏನೋ ಬದಲಾಗಿದೆ ಎಂಬ ಮಾತು ಮುಂದೆ ಬಂದರೆ ಕನ್ನಡದ ಹಾಳೆ ಕೈಯಲ್ಲಿರುತ್ತದೆ. ಪೋಕ್ಸೊ ವಿಷಯದಲ್ಲಿ, ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು 19ನೇ ಸೆಕ್ಷನ್ನೇ ಹೇಳುತ್ತದೆ. ಕೇಳಿ ಪಡೆಯಿರಿ.

ಠಾಣೆಯಲ್ಲಿ ಅರ್ಜಿ ಕೊಟ್ಟರೆ ಸಿ.ಎಸ್.ಆರ್. ರಸೀದಿ ಇಲ್ಲದೆ ಬರಬೇಡಿ. ಎಫ್.ಐ.ಆರ್. ಆದರೆ ಅದರ ಪ್ರತಿ ಉಚಿತ. ಗಡಿ ದಾಟಿ ಅತ್ತಿಬೆಲೆ, ಆನೇಕಲ್ಲಿನ ಶಾಲೆಗಳಿಗೆ ಹೋಗುವ ಮಕ್ಕಳೂ ನಮ್ಮಲ್ಲಿದ್ದಾರೆ. ಘಟನೆ ಕರ್ನಾಟಕದಲ್ಲಿ ನಡೆಯಿತು, ನಮ್ಮ ಠಾಣೆಗೆ ಸಂಬಂಧವಿಲ್ಲ ಎಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಗಂಭೀರ ಅಪರಾಧವನ್ನು ಯಾವ ಠಾಣೆಯಲ್ಲಾದರೂ ದಾಖಲಿಸಬೇಕು ಎಂದು ನೆನಪಿಸಿ. ಮಕ್ಕಳ ಸಹಾಯವಾಣಿ 1098, ತಮಿಳುನಾಡು ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417. ಎರಡನ್ನೂ ಮಗುವಿಗೆ ಬಾಯಿಪಾಠ ಮಾಡಿಸಿ.

ನಮ್ಮದೇ ಶಾಲೆಯಾದರೆ

ಶಾಲೆ ಫಾದರ್‌ಗಳದ್ದೋ ಸಿಸ್ಟರ್‌ಗಳದ್ದೋ ಆದಾಗ ನಮ್ಮ ಜನರ ನಾಲಿಗೆ ಕಟ್ಟಿಹೋಗುತ್ತದೆ. ಧರ್ಮಸಭೆಗೆ ಕೆಟ್ಟ ಹೆಸರು ಬರುತ್ತದೆ, ಹೊರಗಿನವರು ನಗುತ್ತಾರೆ, ಫೀಸು ರಿಯಾಯಿತಿ ಕೊಟ್ಟಿದ್ದಾರೆ ಎಂದೆಲ್ಲ ಯೋಚನೆ. ದೂರು ಹೇಳಿದವರಿಗೆ "ಟಿ.ಸಿ. ತಗೊಂಡು ಹೋಗಿ" ಎಂಬ ಉತ್ತರ ಯಾವ ಶಾಲೆಯಿಂದ ಬಂದರೂ ಅದು ಇನ್ನೊಂದು ಪೆಟ್ಟೇ. ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಎಂಬ ನಿಯಮ ಧರ್ಮಸಭೆಯೊಳಗಿನ ಲೈಂಗಿಕ ದೌರ್ಜನ್ಯದ ದೂರುಗಳನ್ನು ಕುರಿತದ್ದು. ಅದರ 4ನೇ ಪರಿಚ್ಛೇದದಲ್ಲಿ, ದೂರು ಕೊಟ್ಟ ಕಾರಣಕ್ಕೆ ಯಾರ ಮೇಲೂ ಸೇಡು ತೀರಿಸಬಾರದು, ಯಾರ ಮೇಲೂ ಮೌನವನ್ನು ಹೇರಬಾರದು ಎಂದಿದೆ. ಅಷ್ಟು ದೊಡ್ಡ ವಿಷಯಕ್ಕೆ ಅನ್ವಯಿಸುವ ನ್ಯಾಯ ಸ್ಕೇಲಿನ ಏಟಿಗೆ ಅನ್ವಯಿಸುವುದಿಲ್ಲ ಎಂದು ವಾದಿಸುವುದು ಕಷ್ಟ.

ಪಾಪನಿವೇದನೆಯ ಬಗ್ಗೆ ಒಂದು ಮಾತು. "ಫಾದರ್‌ಗೆ ಹೇಳಿದ್ದೀನಿ" ಎಂದು ಮಗು ಹೇಳಿದರೆ, ಎಲ್ಲಿ ಹೇಳಿದ್ದು ಎಂದು ಕೇಳಿಕೊಳ್ಳಿ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ, ಎಂದಿಗೂ ಹೇಳುವಂತಿಲ್ಲ. ಹೊರಗೆ ಬಂದು ಮತ್ತೊಮ್ಮೆ ಹೇಳಬೇಕೆಂದು ಮಗುವನ್ನು ಪ್ರೋತ್ಸಾಹಿಸಬಹುದು, ಅಷ್ಟೇ. ಆದ್ದರಿಂದ ಫಾದರ್‌ಗೆ ಗೊತ್ತಿದೆ, ಅವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾಗಬೇಡಿ.

ಇನ್ನೊಂದು ಕೆನ್ನೆ ತೋರಿಸಬೇಕಲ್ಲವೇ ಎಂದು ಕೇಳುವವರಿಗೆ ಸಂತ ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯ ತೋರಿಸಬೇಕು. ಪ್ರಧಾನ ಯಾಜಕನ ಮನೆಯಲ್ಲಿ ಕಾವಲುಗಾರನೊಬ್ಬ ಪ್ರಭುಯೇಸುವಿನ ಕೆನ್ನೆಗೆ ಹೊಡೆದಾಗ ಪ್ರಭು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ತಪ್ಪು ಹೇಳಿದ್ದರೆ ಅದನ್ನು ತೋರಿಸು, ಸರಿ ಹೇಳಿದ್ದರೆ ಏಕೆ ಹೊಡೆದೆ ಎಂದು ಕಾರಣ ಕೇಳಿದರು. ದೂರು ಎಂದರೆ ಇಷ್ಟೇ ತಾನೇ? ಸಂತ ಪೌಲರೂ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳೇ ಬಂದು ಬಿಡಿಸಲಿ ಎಂದು ಸೆರೆಮನೆಯಲ್ಲಿ ಪಟ್ಟು ಹಿಡಿದು ಕುಳಿತರು. ಕ್ಷಮೆ ಕೊಡುವುದು ಪೆಟ್ಟು ತಿಂದವರ ಕೈಯಲ್ಲಿದೆ. ಅದನ್ನು ಅವರ ಪರವಾಗಿ ಎಚ್.ಎಂ. ಆಗಲಿ ತಂದೆಯಾಗಲಿ ಧರ್ಮಗುರುವಾಗಲಿ ಕೊಟ್ಟುಬಿಡಲು ಬರುವುದಿಲ್ಲ.

ಹೊಡೆದ ಮಗು ನಮ್ಮದೇ ಆಗಿರುವ ದಿನವೂ ಬರಬಹುದು. ಅವತ್ತು ವಕೀಲರನ್ನೂ ಕೌನ್ಸಿಲರನ್ನೂ ಹುಡುಕುವ ಮೊದಲು, ಆ ಮಗುವನ್ನೂ ಪಕ್ಕಕ್ಕೆ ಕರೆದು ಏನಾಯಿತು ಎಂದು ಕೇಳಿ. ಅವನನ್ನು ಮನೆಯಲ್ಲಿ ಬೆಲ್ಟಿನಿಂದ ಹೊಡೆದು ಬುದ್ಧಿ ಕಲಿಸುವುದು, ಹೊಡೆತದಿಂದಲೇ ಎಲ್ಲ ತೀರುತ್ತದೆ ಎಂಬ ಅವನ ಪಾಠವನ್ನು ಗಟ್ಟಿ ಮಾಡುವುದಷ್ಟೇ. ಪೆಟ್ಟು ತಿಂದ ಮಗುವಿನ ಮನೆಗೆ ರಾಜಿಗೆಂದು ನುಗ್ಗಬೇಡಿ. ಆ ಮನೆಯವರಿಗೆ ಅದು ಬೆದರಿಕೆಯಾಗಿಯೇ ಕಾಣುತ್ತದೆ.

ತಮಿಳಿನಲ್ಲಿ ದೂರು ಬರೆಯಲು ನೆರವು ಬೇಕಾದವರು ಭಾನುವಾರ ಕನ್ನಡ ಬಲಿಪೂಜೆಯ ನಂತರ ಧರ್ಮೋಪದೇಶದ ಕೋಣೆಗೆ ಬರಬಹುದು. ಇಬ್ಬರು ಶಿಕ್ಷಕರು ಅಲ್ಲಿರುತ್ತಾರೆ, ಬಾಗಿಲು ತೆರೆದಿರುತ್ತದೆ, ವಿಷಯ ಹೊರಗೆ ಹೋಗುವುದಿಲ್ಲ. ಮಗುವನ್ನು ಕರೆತರಲೇಬೇಕೆಂದಿಲ್ಲ, ಬರೆದಿಟ್ಟ ಹಾಳೆ ತನ್ನಿ. ಮುಂದಿನ ಅನ್ಬಿಯಂ ಕೂಟಕ್ಕೆ ಬರುವಾಗ ಪ್ರೇಷಿತರ ಕಾರ್ಯಕಲಾಪಗಳ 21, 22, 23ನೇ ಅಧ್ಯಾಯಗಳನ್ನು ಓದಿಕೊಂಡು ಬನ್ನಿ. ಲೂಸಿಯ ಫೆಲಿಕ್ಸನಿಗೆ ಬರೆದ ಪತ್ರವನ್ನು ನಿಜವಾಗಿ ನಡೆದದ್ದರ ಪಕ್ಕದಲ್ಲಿಟ್ಟು ನೋಡಿ, ಯಾವ ಯಾವ ಸಂಗತಿ ಬಿಟ್ಟಿದ್ದಾನೆ ಎಂದು ಗುರುತು ಹಾಕಿಕೊಳ್ಳಿ. ಮಕ್ಕಳನ್ನೂ ಕೂರಿಸಿಕೊಂಡು ಓದಿದರೆ ಒಳ್ಳೆಯದು, ಅವರು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.